ಚಕ್ಕುಬಂದಿ

ಪೂರ್ವಕ್ಕೆ ನೂರುನ್ನೀಸಾ ಕೋಂ ಬುಡೇನ್ ಸಾಬ್ ಇವರ ಮನೆ,
ಪಶ್ಚಿಮಕ್ಕೆ ಹದಿನೈದಡಿ ರಸ್ತೆ,
ಉತ್ತರಕ್ಕೆ ಪಾಲಿಕೆಯ ಗಟಾರ,
ದಕ್ಷಿಣಕ್ಕೆ ಖಾಲಿ ಸೈಟು, ಯಾರದೋ.
ದಾವಣಗೆರೆ, ಬೂದಾಳ್ ರಸ್ತೆ. ಈ ನಾಲ್ಕರ ನಡುವೆ
ಇಪ್ಪತ್ತು ಮೂವತ್ತರಲ್ಲಿ
ನಾನು, ಕೊಟ್ರೇಶಿ, ಇಬ್ಬರು ಮಕ್ಕಳು,
ಇನ್ನೂ ಹನ್ನೊಂದು ವರ್ಷದ ಸಾಲ.

ನನ್ನ ಕೆಲಸ ಮಂಡಿಪೇಟೆಯ ಪ್ರೆಸ್ಸಿನಲ್ಲಿ ಟೈಪು ಮಾಡುವುದು.
ಮದುವೆ ಕಾರ್ಡು, ಶಿವಗಣಾರಾಧನೆಯ ಕಾರ್ಡು,
ವಾರಕ್ಕೆರಡು ಸಲ ಪತ್ರಿಕೆಗೆ ಹೋಗುವ
ಬ್ಯಾಂಕಿನ ಸ್ವಾಧೀನ ಪ್ರಕಟಣೆ.
ಎಲ್ಲಕ್ಕೂ ಒಂದೇ ಅಚ್ಚು. ಹೆಸರು ಅಳಿಸು, ಹೆಸರು ತುಂಬು,
ಚಕ್ಕುಬಂದಿ ಬದಲಿಸು.
ಎಷ್ಟು ಜನರ ನಾಲ್ಕು ದಿಕ್ಕನ್ನು
ಟೀ ಆರುವುದರೊಳಗೆ ಮುಗಿಸಿದ್ದೇನೆ!
ಆ ಗುರುವಾರ ಬೆರಳು ನಿಂತಿತು.
ಹೆಸರಿನ ಜಾಗ ಖಾಲಿಯಿತ್ತು.
ಸರ್ವಮಂಗಳ ಅಂತ ಹಾಕಿ ನೋಡಿದೆ,
ಹದಿನಾಲ್ಕು ಪಾಯಿಂಟು, ಬೋಲ್ಡು. ಸರಿಯಾಗಿ ಹಿಡಿಸಿತು.
ಅಳಿಸಿದೆ.

ವರ್ಷತೊಡಕಿನ ದಿನ ಲಗೇಜ್ ಆಟೋ ಮಗುಚಿ
ಕೊಟ್ರೇಶಿಯ ಕಾಲಿಗೆ ರಾಡು ಬಿತ್ತು.
ಮೊದಲ ಕಂತು ತಪ್ಪಿದಾಗ ನಾಚಿಕೆ,
ಎರಡನೆಯದಕ್ಕೆ ಫೋನು.
ಅದನ್ನು ಮಂಡಕ್ಕಿ ಡಬ್ಬದಲ್ಲಿ ಹೂತಿಟ್ಟೆ.
ಮುಚ್ಚಳದೊಳಗೆ ಅದು ಗುಯ್ ಎಂದಾಗಲೆಲ್ಲ
ಮಂಡಕ್ಕಿ ಅದುರಿ
ತಗಡಿನ ಮೇಲೆ ತುಂತುರು ಬಿದ್ದ ಸದ್ದು.
ಮಕ್ಕಳು ನಕ್ಕವು. ನಾನೂ ನಕ್ಕೆ.

ಪೂರ್ವದ ಗೋಡೆ ಒಂದಿಟ್ಟಿಗೆಯದು.
ಮೂರನೆಯ ದಿನ ನೂರುನ್ನೀಸಾ ಬಾಗಿಲಿಗೆ ಬಂದಳು,
ಬಟ್ಟಿಯ ಹೊಗೆ ಇನ್ನೂ ಸೆರಗಿನಲ್ಲಿತ್ತು.
‘ನಿನ್ ಡಬ್ಬ ಯಾಕವ್ವಾ ಅಳ್ತೈತಿ?’

ಹೇಳಿದೆ. ಟೀ ಅಂಗಡಿಯ ರೇವಣಪ್ಪ
ಮೀಟರ್ ಬಡ್ಡಿಗೆ ಕೊಡಿಸುತ್ತೇನೆ ಅಂದದ್ದು,
ನಾನು ಹೂಂ ಅಂದದ್ದು, ಅದನ್ನೂ.
ಅವಳು ನನ್ನ ಕೈಯಿಂದ ಮೊರ ಕಿತ್ತುಕೊಂಡಳು.
‘ಬೆಂಕಿ ಆರ್ಸಾಕೆ ಸೀಮೆಎಣ್ಣಿ ತರ್ತೀಯೇನು?
ನಮ್ ಬಟ್ಟಿಗೂ ಬಂದಿತ್ತು ಕಾಗದ, ಕೊರೊನಾ ವರ್ಷ.
ಅವ್ರು ಬರೋಕ್ ಮುಂಚೆ ನಾವೇ ಹೋದ್ವಿ.
ಹೋದೋರ ಹತ್ರ ಮಾತಾಡ್ತಾರೆ,
ಅಡಗಿದೋರ ಬಾಗ್ಲಿಗೆ ಅಂಟಿಸ್ತಾರೆ.’

ಊರಿನವರ ಅರ್ಜಿಗಳನ್ನೆಲ್ಲ ಟೈಪು ಮಾಡಿದವಳು ನಾನು.
ನನ್ನದು ‘ಮಾನ್ಯರೇ’ ಆದಮೇಲೆ ಮುಂದೆ ಹೋಗಲಿಲ್ಲ.
ಅಶೋಕ ಟಾಕೀಸಿನ ಗೇಟು ಬಿತ್ತು, ರೈಲು ಹೋಯಿತು,
ಗೇಟು ಎದ್ದಿತು,
ಗೆರೆ ಇನ್ನೂ ಮಿಟುಕುತ್ತಲೇ ಇತ್ತು.
ಕೊನೆಗೆ ಇದ್ದದ್ದು ಇದ್ದಹಾಗೆ ಬರೆದೆ:
ಕಾಲು ಮುರಿದಿದೆ, ಮನಸ್ಸು ಕೆಟ್ಟಿಲ್ಲ, ಕಟ್ಟುತ್ತೇನೆ.

ಬ್ಯಾಂಕಿನ ಹುಡುಗಿ ಬೇರೆ ರಾಜ್ಯದವಳು,
ಕೌಂಟರಿನಲ್ಲೇ ಕನ್ನಡ ಕಲಿತವಳು.
ಆಸ್ಪತ್ರೆಯ ಚೀಟಿ, ನನ್ನ ಸಂಬಳದ ಚೀಟಿ
ಒಂದೊಂದಾಗಿ ಮಡಿಕೆ ಬಿಡಿಸಿದಳು.
‘ಇವತ್ತು ಎಪ್ಪತ್ತೊಂದು ದಿನ. ತೊಂಬತ್ತು ಆದರೆ
ನನ್ನ ಕೈ ಬಿಟ್ಟು ಹೋಗುತ್ತೆ, ಅಕ್ಕಾ.
ಇಷ್ಟು ದಿನ ಯಾಕೆ ಬರಲಿಲ್ಲ?’
ನಾನು ಡಬ್ಬದ ಕತೆ ಹೇಳಲಿಲ್ಲ.

ಆರು ತಿಂಗಳು ಬಿಡಿ ಎಂದು ಕೇಳಿದ್ದೆ. ಆಗಲಿಲ್ಲ.
ಹದಿನಾರನೆಯ ದಿನ ಕರೆ ಬಂತು,
ಈ ಸಲ ಫೋನು ಕೈಯಲ್ಲೇ ಇತ್ತು.
ಒಂಬತ್ತೂ ಮುಕ್ಕಾಲು ಸಾವಿರ ಎಂಟೂ ಕಾಲಾಯಿತು.
ತಿಂಗಳಿಗೆ ಇಳಿದದ್ದು ಹದಿನೈದು ನೂರು,
ಏರಿದ್ದು ನಾಲ್ಕು ವರ್ಷ.
‘ಅಷ್ಟು ವರ್ಷ ಗಟ್ಟಿಯಾಗಿರಬೇಕಲ್ಲೇ’ ಎಂದ ಕೊಟ್ರೇಶಿ
ಊರುಗೋಲನ್ನು ಗೋಡೆಗೆ ಒರಗಿಸುತ್ತ.
ಪೂರ್ವದ ಗೋಡೆಗೆ.

ನಿನ್ನೆ ಪ್ರೆಸ್ಸಿಗೆ ಮತ್ತೊಂದು ಪ್ರಕಟಣೆ ಬಂತು.
ಹೆಸರು ತುಂಬಿದೆ. ಮೊತ್ತ ತುಂಬಿದೆ.
ಪೂರ್ವಕ್ಕೆ ಖಾಲಿ ಸೈಟು.
ಪಶ್ಚಿಮಕ್ಕೆ ಖಾಲಿ ಸೈಟು.
ಉತ್ತರಕ್ಕೆ ಖಾಲಿ ಸೈಟು.
ದಕ್ಷಿಣಕ್ಕೆ ರಸ್ತೆ.
ಎರಡು ಸಲ ಓದಿದೆ, ತಪ್ಪೇನಾದರೂ ಇದೆಯೇ ಎಂದು.
ಟೀ ಆರಿ ಕೆನೆ ಕಟ್ಟಿತು.